ಗೋಡೆಯ ಟ್ಯಾಗು, ಗುಡ್ಡದ ಕಸ

ಭಾರತ ಹುಣ್ಣಿಮೆಯ ಜಾತ್ರೆ ಮುಗಿದ ಮರುದಿನ ಸವದತ್ತಿಯ ಯಲ್ಲಮ್ಮನ ಗುಡ್ಡ ಹೇಗಿರುತ್ತದೆ ಎಂಬುದು ಹೋಗಿಬಂದವರಿಗೆಲ್ಲ ಗೊತ್ತು. ಚಕ್ಕಡಿ, ಟ್ರ್ಯಾಕ್ಟರ್ ಬಿಟ್ಟಿದ್ದ ಜಾಗದಲ್ಲಿ ಮೂರು ಕಲ್ಲಿನ ಒಲೆ, ಬೂದಿ. ಪಡ್ಡಲಗಿ ತುಂಬಿಸಿ ಉಂಡು ಉಳಿದ ಅನ್ನ, ಕಡಬು, ಹೋಳಿಗೆ ಚೂರು. ತೆಂಗಿನ ಚಿಪ್ಪು, ಒಡೆದ ಬಳೆ, ಭಂಡಾರದ ಪ್ಲಾಸ್ಟಿಕ್ ಪೊಟ್ಟಣ. ಎಣ್ಣೆಹೊಂಡದ ಕಡೆ ಮಿಂದವರು ಬಿಟ್ಟ ಶಾಂಪೂ ಚೀಟಿ. ನೀರಿನ ಬಾಟಲಿಗಂತೂ ಲೆಕ್ಕವಿಲ್ಲ. ಎಲ್ಲದರ ಮೇಲೂ ಅರಿಸಿನದ ಬಣ್ಣ. ಬಾಟಲಿ ಆರಿಸುವವರು ಮುಚ್ಚಳ ತಿರುಗಿಸಿ, ಉಳಿದ ನೀರು ಚೆಲ್ಲಿ, ಹಿಂಡಿ ಚೀಲಕ್ಕೆ ಹಾಕುತ್ತಾರೆ. ಎಣ್ಣೆ, ಅನ್ನ ಮೆತ್ತಿಕೊಂಡದ್ದನ್ನು ಅಲ್ಲೇ ಬಿಡುತ್ತಾರೆ. ಗುಜರಿಯವರು ಅದಕ್ಕೆ ದರ ಕಟ್ಟುವುದಿಲ್ಲ. ಹಸಿ ಕಸ ಒಣ ಕಸಕ್ಕೆ ತಾಗಿತೆಂದರೆ ಎರಡೂ ಕೆಟ್ಟ ಹಾಗೆ.

ಕಸ ಬೇರೆಯಾಗದ ಈ ಕಷ್ಟಕ್ಕೆ ಪರಿಹಾರವೆಂದು ಈಗ ನಗರಗಳು ತೋರಿಸುತ್ತಿರುವುದು ಉಗುರಿನ ತುದಿಗಿಂತ ಚಿಕ್ಕದಾದ ಒಂದು ಎಲೆಕ್ಟ್ರಾನಿಕ್ ಚಿಪ್ ಅನ್ನು. ಅದು ಸವದತ್ತಿಗೆ ದೂರವೇನೂ ಇಲ್ಲ. ನವಿಲುತೀರ್ಥದ ರೇಣುಕಾಸಾಗರದ ನೀರು ಕುಡಿಯುವ ಹುಬ್ಬಳ್ಳಿ-ಧಾರವಾಡದಲ್ಲಿ, ಸ್ಮಾರ್ಟ್ ಸಿಟಿ ಯೋಜನೆಯ ಕಾಲದಲ್ಲಿ ಮನೆಗಳ ಗೋಡೆಗೆ, ರೇಡಿಯೊ ಅಲೆಯಿಂದ ಗುರುತು ಹೇಳುವ ಆರ್‌ಎಫ್‌ಐಡಿ ಟ್ಯಾಗ್ ಬಂತು. ಕಸದ ಗಾಡಿಯೊಂದಿಗೆ ಬರುವ ಪೌರಕಾರ್ಮಿಕರು ರೀಡರ್ ಹಿಡಿದರೆ ಸಾಕು, ಇಂಥ ಮನೆಯಿಂದ ಇಷ್ಟು ಹೊತ್ತಿಗೆ ಕಸ ತೆಗೆದಾಯಿತು ಎಂದು ದಾಖಲಾಗುತ್ತದೆ.

ಈ ತಂತ್ರಜ್ಞಾನದ ಹುಟ್ಟಿಗೂ ಕಸಕ್ಕೂ ಯಾವ ಸಂಬಂಧವೂ ಇರಲಿಲ್ಲ. 1945ರ ಆಗಸ್ಟ್‌ನಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಕಾಣಿಕೆ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆಯ ಮೇಲೆ ಏಳು ವರ್ಷ ತೂಗಿತು. ಒಳಗೆ ಲಿಯಾನ್ ಥೆರಮಿನ್ ಮಾಡಿದ ಕದ್ದಾಲಿಸುವ ಸಾಧನವಿತ್ತು. ಅದಕ್ಕೆ ಬ್ಯಾಟರಿ ಇಲ್ಲ, ತಂತಿ ಇಲ್ಲ. ಹೊರಗಿನಿಂದ ರೇಡಿಯೊ ಅಲೆ ಬಿಟ್ಟಾಗ ಮಾತ್ರ ಎಚ್ಚರವಾಗಿ, ಕೋಣೆಯ ಮಾತನ್ನು ಅದೇ ಅಲೆಯ ಮೇಲೆ ಹೇರಿ ಹಿಂದಕ್ಕೆ ಕಳಿಸುತ್ತಿತ್ತು. 1948ರಲ್ಲಿ ಹ್ಯಾರಿ ಸ್ಟಾಕ್‌ಮನ್, ಹೀಗೆ ಮರಳಿಬರುವ ಅಲೆಯಲ್ಲೇ ಸಂದೇಶ ಕಳಿಸಬಹುದೆಂದು ಪ್ರಬಂಧ ಬರೆದರು. 1970ರ ದಶಕದಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದವರು ದನಗಳ ಗುರುತಿಗೆ ಇದನ್ನು ಒಗ್ಗಿಸಲು ಹೊರಟರು. 1999ರಲ್ಲಿ ಎಂಐಟಿಯಲ್ಲಿ ಶುರುವಾದ ಆಟೋ-ಐಡಿ ಕೇಂದ್ರ, ಜಗತ್ತಿನ ಪ್ರತಿ ವಸ್ತುವಿಗೂ ಒಂದೊಂದು ಸಂಖ್ಯೆ ಕೊಡುವ ಕನಸು ಕಟ್ಟಿತು. ಟ್ಯಾಗಿನ ಬೆಲೆ ಇಳಿಸುವ ಹಟ ಬಂದದ್ದು ಅಲ್ಲಿಂದ. ಭಾರತ 2005ರಲ್ಲಿ, ಇಂಥ ಟ್ಯಾಗುಗಳು ಬಳಸುವ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿ ಬೇಕಿಲ್ಲದೆ ಬಳಸಲು ಬಿಟ್ಟುಕೊಟ್ಟಿತು.

ಹಿರೇಬಾಗೇವಾಡಿ ಟೋಲ್‌ನಲ್ಲಿ ಗಾಡಿಯ ಗಾಜಿಗಂಟಿದ ಫಾಸ್ಟ್ಯಾಗ್ ಕೆಲಸ ಮಾಡುವುದೂ ಹೀಗೆಯೇ. ರೀಡರ್‌ನ ಅಲೆ ಬಡಿದಾಗ ಟ್ಯಾಗಿನ ಆಂಟೆನಾ ಅದರಿಂದಲೇ ಚೂರು ವಿದ್ಯುತ್ ಹೀರಿಕೊಳ್ಳುತ್ತದೆ, ಚಿಪ್ ಎಚ್ಚರಗೊಂಡು ತನ್ನ ಸಂಖ್ಯೆ ಒಪ್ಪಿಸಿ ಸುಮ್ಮನಾಗುತ್ತದೆ. ಅದಕ್ಕೆ ಗೊತ್ತಿರುವುದು ಆ ಸಂಖ್ಯೆಯೊಂದೇ. ಗಾಡಿಯಲ್ಲಿ ಜೋಳ ಇದೆಯೋ ಕಬ್ಬು ಇದೆಯೋ ಅದು ಹೇಳಲಾರದು. ಗೋಡೆಯ ಟ್ಯಾಗ್ ಕೂಡ ಹಾಗೆಯೇ: ಗಾಡಿ ಮನೆಯವರೆಗೆ ಬಂದದ್ದಕ್ಕೆ ಅದು ಸಾಕ್ಷಿ, ಬಕೆಟ್ಟಿನೊಳಗೆ ಏನಿತ್ತು ಎಂಬುದಕ್ಕಲ್ಲ. ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಮೂರಾಗಿ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಬೇರ್ಪಡಿಸಿದರೋ ಇಲ್ಲವೋ ಎಂಬುದನ್ನು ಪೌರಕಾರ್ಮಿಕರೇ ಕಣ್ಣಲ್ಲಿ ನೋಡಿ ಗುಂಡಿ ಒತ್ತಬೇಕು. ಮಿಶ್ರ ಕಸ ಕೊಟ್ಟವರ ಹೆಸರಿಗೆ ಗುಂಡಿ ಒತ್ತಿದರೆ ಆ ಮನೆಯವರು ಮರುದಿನ ಯಾರ ಮೇಲೆ ರೇಗುತ್ತಾರೆ? ಈ ವ್ಯವಸ್ಥೆಯ ಭಾರವೆಲ್ಲ ಬೀಳುವುದು ಪೌರಕಾರ್ಮಿಕರ ಮೇಲೆಯೇ, ನನಗೆ ಅದು ಸರಿ ಎನಿಸುವುದಿಲ್ಲ. ಕಸ ಕೊಡುವವರನ್ನು ಹೊಣೆ ಮಾಡಬೇಕಾದ ಚಿಪ್, ಕಸ ಒಯ್ಯುವವರ ಹಾಜರಿ ಪುಸ್ತಕವಾಗಿಬಿಡುತ್ತದೆ.

ಟ್ಯಾಗನ್ನು ಕಸದ ಜತೆಗೇ ಕಟ್ಟಿದ ಕಡೆ ಕತೆ ಬೇರೆ. ಜರ್ಮನಿಯ ಅನೇಕ ಜಿಲ್ಲೆಗಳು 1990ರ ದಶಕದಿಂದ ಕಸದ ಡಬ್ಬಿಗೇ ಚಿಪ್ ಕೂಡಿಸಿದವು. ಲಾರಿ ಡಬ್ಬಿ ಎತ್ತಿದಾಗಲೆಲ್ಲ ಎಣಿಕೆಯಾಗಿ, ಮಿಶ್ರ ಕಸ ಹೆಚ್ಚು ಹಾಕುವವರಿಗೆ ಬಿಲ್ ಹೆಚ್ಚು. ದಕ್ಷಿಣ ಕೊರಿಯಾ 2005ರಲ್ಲಿ ಊಟದ ಕಸವನ್ನು ಹಾಗೇ ಭೂಮಿಗೆ ತುಂಬುವುದನ್ನು ನಿಷೇಧಿಸಿ, 2013ರಲ್ಲಿ ಎಷ್ಟು ಕಸವೋ ಅಷ್ಟು ಶುಲ್ಕ ಎಂದಿತು. ಅಲ್ಲಿನ ಅಪಾರ್ಟ್‌ಮೆಂಟುಗಳ ಕೆಳಗೆ ನಿಂತ ಯಂತ್ರಕ್ಕೆ ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತದೆ, ಸುರಿದದ್ದನ್ನು ಅದು ಅಲ್ಲೇ ತೂಗುತ್ತದೆ, ತೂಕ ಪರದೆಯ ಮೇಲೆ ಕಾಣುತ್ತದೆ. ಅನ್ನದ ನೀರು ಬಸಿದು ತಂದರೆ ದುಡ್ಡು ಉಳಿಯುತ್ತದೆ ಎಂದು ಜನ ಬೇಗ ಕಲಿತರು. ಸಂಖ್ಯೆಯ ಜತೆ ತಕ್ಕಡಿ ಸೇರಿದ್ದರಿಂದ ಅದು ಸಾಧ್ಯವಾಯಿತು.

ಹಾಗಾದರೆ ಪ್ರತಿ ಪೊಟ್ಟಣಕ್ಕೂ, ಬಾಟಲಿಗೂ ಟ್ಯಾಗ್ ಅಂಟಿಸಿ ಯಂತ್ರದಿಂದಲೇ ಆರಿಸಿದರಾಗದೆ? ಇದು ಸಂಶೋಧಕರ ಹಳೆಯ ಆಸೆ. ಅಡ್ಡಿಗಳು ದೊಡ್ಡವು. ಈ ಅಲೆಯನ್ನು ನೀರು ಹೀರುತ್ತದೆ, ಲೋಹ ತಿರುಗಿಸಿ ಕಳಿಸುತ್ತದೆ. ಹಸಿ ಕಸವೆಂದರೆ ಬಹುಪಾಲು ನೀರು, ಚಿಪ್ಸ್ ಪೊಟ್ಟಣದ ಒಳಮೈ ಅಲ್ಯೂಮಿನಿಯಂ. ಒಂದರ ಮೇಲೊಂದು ಅಮುಕಿದ ಗುಪ್ಪೆಯಲ್ಲಿ ಎಷ್ಟೋ ಟ್ಯಾಗುಗಳ ಸದ್ದೇ ಕೇಳಿಸುವುದಿಲ್ಲ. ಟ್ಯಾಗಿಗೆ ಕೆಲವು ರೂಪಾಯಿ ಬೀಳುತ್ತದೆ, ಭಂಡಾರದ ಪೊಟ್ಟಣದ ಬೆಲೆಯೇ ಅಷ್ಟು. ಮೇಲಾಗಿ ಟ್ಯಾಗೂ ಒಂದು ಕಸವೇ: ಅಲ್ಯೂಮಿನಿಯಂ ಆಂಟೆನಾ, ಸಿಲಿಕಾನ್, ಅಂಟು ಎಲ್ಲವೂ ಕರಗಿಸುವ ಪ್ಲಾಸ್ಟಿಕ್‌ನೊಳಗೆ ಸೇರಿ ಅದರ ಗುಣ ಕೆಡಿಸುತ್ತವೆ.

ಬಿಡಿ ವಸ್ತುವಿಗೆ ಬೇಡ, ಚೀಲಕ್ಕೆ ಸಾಕು. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಇದು ಹೊಸತಲ್ಲ: 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ, ಕೆಂಪು ಚೀಲಗಳ ಮೇಲೆ ಬಾರ್‌ಕೋಡ್ ಇರಲೇಬೇಕು. ಯಾವ ಆಸ್ಪತ್ರೆಯ, ಯಾವ ಬಣ್ಣದ, ಎಷ್ಟು ತೂಕದ ಚೀಲ ಎಂಬುದು ಕೊನೆಯವರೆಗೆ ಗೊತ್ತಿರುತ್ತದೆ.

ಗುಡ್ಡದ ಮಾತಿಗೆ ಬಂದರೆ ಗೋಡೆಯ ಟ್ಯಾಗ್ ಅಲ್ಲಿ ನಡೆಯುವುದೇ ಇಲ್ಲ. ಕಸ ಹಾಕುವವರ ಮನೆ ಸವದತ್ತಿಯಲ್ಲಿಲ್ಲ. ಅವರು ಕೊಲ್ಹಾಪುರ, ಸಾಂಗಲಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು, ಉಧೋ ಉಧೋ ಎಂದು ದರ್ಶನ ಮುಗಿಸಿ ಮರಳುವವರು. ಅವರಿಗೆ ಹೊಂದುವ ದಾರಿ ಬೇರೊಂದು ಯಾತ್ರಾಸ್ಥಳದಲ್ಲಿ ಸಿಕ್ಕಿದೆ. 2022ರಲ್ಲಿ ಕೇದಾರನಾಥದಲ್ಲಿ ರುದ್ರಪ್ರಯಾಗ ಜಿಲ್ಲಾಡಳಿತ ನೀರಿನ ಬಾಟಲಿಗೆ ಕ್ಯೂಆರ್ ಕೋಡ್ ಅಂಟಿಸಿ 10 ರೂಪಾಯಿ ಠೇವಣಿ ಇಡಿಸಿತು. ಖಾಲಿ ಬಾಟಲಿ ತಂದವರಿಗೆ ಹಣ ವಾಪಸು, ಯಾತ್ರಿಕರೇ ತರಬೇಕೆಂದಿಲ್ಲ, ಆರಿಸಿ ತಂದವರಿಗೂ ಸಿಗುತ್ತದೆ. ಕ್ಯೂಆರ್ ಎಂದರೆ ಕಾಗದದ ಮೇಲಿನ ಮುದ್ರೆ, ಬೆಲೆ ಪೈಸೆಯ ಲೆಕ್ಕ, ಓದಲು ಮೊಬೈಲ್ ಸಾಕು.

ನನ್ನ ಮಟ್ಟಿಗೆ ಸವದತ್ತಿಗೆ ಬೇಕಾದದ್ದು ಕೇದಾರನಾಥದ ಠೇವಣಿ ಮತ್ತು ತಕ್ಕಡಿ ಸೇರಿದ ಚಿಪ್, ಈ ಎರಡರ ಕೂಡುವಿಕೆ. ಬಾಟಲಿಗೆ ಕ್ಯೂಆರ್ ಮತ್ತು ಠೇವಣಿ. ತೆಂಗಿನಕಾಯಿ, ಭಂಡಾರ, ಬಳೆಯ ಅಂಗಡಿಗಳಿಗೆ, ಅಡುಗೆ ಬಯಲಿನ ಒಂದೊಂದು ಸಾಲಿಗೆ, ತೊಳೆದು ಮತ್ತೆ ಬಳಸುವ ಗಟ್ಟಿ ಡಬ್ಬಿ. ಚಿಪ್ ಇರಬೇಕಾದದ್ದು ಅದರಲ್ಲಿ, ಮತ್ತು ಎತ್ತುವ ಗಾಡಿಯಲ್ಲಿ ತಕ್ಕಡಿ. ಒಂದು ಡಬ್ಬಿ ನೂರಾರು ಸಲ ಬಳಕೆಗೆ ಬರುವುದರಿಂದ ಟ್ಯಾಗಿನ ದುಡ್ಡು ಹೊರೆಯಾಗದು. ಯಾವ ಸಾಲಿನಿಂದ ಹಸಿ ಬಂತು, ಯಾವುದರಿಂದ ಮಿಶ್ರ ಬಂತು ಎಂಬುದು ಅಂದೇ ತಿಳಿದರೆ, ಹೊಸ್ತಿಲ ಹುಣ್ಣಿಮೆಯ ಜಾತ್ರೆಯ ಲೆಕ್ಕ ನೋಡಿ ಮುಂದಿನ ಬನದ ಹುಣ್ಣಿಮೆಗೆ ಡಬ್ಬಿಗಳ ಜಾಗ ಬದಲಿಸಬಹುದು. ಅಡುಗೆಯ ಕಸ ಗೊಬ್ಬರವಾಗಿ ಸುತ್ತಲಿನ ಹೊಲಗಳಿಗೇ ಹೋಗಲಿ.

2024ರಲ್ಲಿ ಕೇಂದ್ರ ಸರ್ಕಾರ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಇಂಥ ಯೋಜನೆಗಳ ನಕ್ಷೆಯಲ್ಲಿ ವಸತಿ, ದಾರಿ, ಸಾಲುಮಂಟಪ ಮೊದಲು ಬರುತ್ತವೆ. ಕಸ ಬೇರ್ಪಡಿಸುವ ಶೆಡ್ಡಿಗೂ ಅಲ್ಲಿ ಜಾಗ ಗೊತ್ತಾಗಬೇಕು: ಮಳೆನೀರು ಒಳಬರದ ಸೂರು, ತೊಳೆಯಲು ನೀರು, ಕೈಗವಸು. ಬಾಟಲಿ ಆರಿಸಿ ಹೊಟ್ಟೆ ಹೊರೆಯುವವರಿಗೆ ಅಲ್ಲಿ ಗುರುತಿನ ಚೀಟಿಯೂ ಸಂಬಳವೂ ಇರಬೇಕು. 2011ರಲ್ಲೇ ಬೆಂಗಳೂರಿನಲ್ಲಿ ಕಸ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ಕೊಡಲು ತೊಡಗಿತ್ತು. ಯಾವ ಪ್ಲಾಸ್ಟಿಕ್ ಯಾವುದೆಂದು ಮುಟ್ಟಿ, ಹಿಂಡಿ, ಸದ್ದು ಕೇಳಿ ಹೇಳಬಲ್ಲವರು ಅವರೇ. ಚಿಪ್ಪಿನ ಟೆಂಡರ್ ಕರೆಯುವ ಮೊದಲು ಅವರನ್ನು ಕೂರಿಸಿ, ಡಬ್ಬಿ ಎಲ್ಲಿಡಬೇಕೆಂದು ಕೇಳಲಿ.