ಕೊರಗು, ಸೊರಗು ಮತ್ತು ಕೊಬ್ಬು: ದಾವಣಗೆರೆ-ಹರಿಹರ ಪರಿಸರದ ಜನಪದ ತಿಳಿವಳಿಕೆ ಹಾಗೂ ಮನೋರೋಗಿಗಳ ರಕ್ತದ ಕೊಲೆಸ್ಟ್ರಾಲ್

ಮನಸ್ಸಿನ ಸ್ಥಿತಿಯನ್ನು ಹೇಳಲು ಕನ್ನಡದ ಆಡುಮಾತು ಬಹುಮಟ್ಟಿಗೆ ಮೈಯನ್ನು ಕುರಿತ ಪದಗಳನ್ನೇ ಆಶ್ರಯಿಸುತ್ತದೆ. ದುಃಖವನ್ನು ಒಳಗೇ ನುಂಗಿದವರು ಕೊರಗುತ್ತಾರೆ, ಕೊರಗಿದವರು ಸೊರಗುತ್ತಾರೆ. ಸೊಕ್ಕಿನಿಂದ ಮೆರೆಯುವವನಿಗೆ ಕೊಬ್ಬು ಬಂದಿರುತ್ತದೆ. ಆ ಕೊಬ್ಬನ್ನು ಇಳಿಸುವವರೂ ಇರುತ್ತಾರೆ. ವಿವೇಕ ತಪ್ಪಿ ಮಾತನಾಡುವವನ ಪಿತ್ತ ನೆತ್ತಿಗೇರಿರುತ್ತದೆ. ಕನ್ನಡ ನಾಡಿನ ಬೇರೆಡೆಯಂತೆ ದಾವಣಗೆರೆ, ಹರಿಹರಗಳ ಸುತ್ತಲೂ ಈ ಮಾತುಗಳು ದಿನಬಳಕೆಯಲ್ಲಿವೆ. ಇವನ್ನು ಕೇವಲ ಅಲಂಕಾರವೆಂದು ಬದಿಗಿಡುವುದು ಸರಿಯಲ್ಲ. ದೇಹದ ಜಿಡ್ಡಿಗೂ ಮನಸ್ಸಿನ ಸ್ವಾಸ್ಥ್ಯಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆಯನ್ನು ಆಧುನಿಕ ಮನೋವೈದ್ಯಶಾಸ್ತ್ರ ಗಂಭೀರವಾಗಿ ಕೈಗೆತ್ತಿಕೊಂಡದ್ದು 1990ರ ದಶಕದಲ್ಲಿ. ಆ ಪ್ರಶ್ನೆಯ ಒಂದು ಪಾಠ ಜನಪದರ ಪದಕೋಶದಲ್ಲಿ ಮೊದಲೇ ಇತ್ತು.

ಪದಮೂಲದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬಹುದು. ಕೊಲೆಸ್ಟ್ರಾಲ್ ಎಂಬ ಹೆಸರಿನ ಮೊದಲ ಭಾಗ ಗ್ರೀಕ್ ಭಾಷೆಯಲ್ಲಿ ಪಿತ್ತವನ್ನು ಸೂಚಿಸುವ 'ಖೋಲೆ' ಎಂಬ ಪದ. ಈ ವಸ್ತು ಹದಿನೆಂಟನೆಯ ಶತಮಾನದಲ್ಲಿ ಮೊದಲು ಕಂಡದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಖಿನ್ನತೆಗೆ ಪಾಶ್ಚಾತ್ಯರು ಬಹುಕಾಲ ಬಳಸಿದ 'ಮೆಲಾಂಕಲಿ' ಎಂಬ ಹೆಸರಿನಲ್ಲಿರುವುದೂ ಅದೇ ಪಿತ್ತ, ಅಂದರೆ ಕಪ್ಪು ಪಿತ್ತ. ನೆತ್ತಿಗೇರುವ ಕನ್ನಡದ ಪಿತ್ತ ಇವುಗಳಿಂದ ಬಂದದ್ದಲ್ಲ. ಆದರೆ ಬುದ್ಧಿವಿಕಾರಕ್ಕೆ ಪಿತ್ತವನ್ನು ಹೊಣೆ ಮಾಡುವ ಯೋಚನೆ ಎರಡೂ ಕಡೆ ಇದ್ದದ್ದು ಗಮನಾರ್ಹ.

ಜನಪದ ವೈದ್ಯದಲ್ಲಿ ಜಿಡ್ಡು ಮನಸ್ಸಿಗೆ ಕಾವಲು. ತಲೆ ಕಾದವರ ನೆತ್ತಿಗೆ ಹರಳೆಣ್ಣೆ ಒತ್ತುವುದು ಇದಕ್ಕೆ ಸರಳ ನಿದರ್ಶನ. ಹೆಚ್ಚು ಸಂಕೀರ್ಣವಾದುದು ಬಾಣಂತನ. ಹೆರಿಗೆಯಾದವಳಿಗೆ ಬಿಸಿ ಅನ್ನದ ಮೇಲೆ ತುಪ್ಪ, ಒಣಕೊಬ್ಬರಿ, ಅಂಟಿನುಂಡೆ ಕೊಡುವುದೂ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟುವುದೂ ಸೊಂಟ ಗಟ್ಟಿಯಾಗಲಿ, ಹಾಲು ಬರಲಿ ಎಂಬುದಕ್ಕೆ ಮಾತ್ರವಲ್ಲ. ಬಾಣಂತಿ ಸನ್ನಿಯ ಭಯವೂ ಅದರ ಹಿಂದಿದೆ. ಹೆರಿಗೆಯ ನಂತರದ ದಿನಗಳಲ್ಲಿ ತಾಯಿ ನಿದ್ದೆಗೆಟ್ಟು, ಅಸಂಬದ್ಧವಾಗಿ ಮಾತನಾಡುತ್ತ, ಕೂಸನ್ನೂ ಗುರುತಿಸದಂತಾಗುವ ಸ್ಥಿತಿಗೆ ಜನಪದರು ಇಟ್ಟ ಹೆಸರಿದು. ಶಿಷ್ಟ ಪರಂಪರೆಯೂ ಇದೇ ದಿಕ್ಕಿನಲ್ಲಿದೆ: ಚರಕಸಂಹಿತೆ ಉನ್ಮಾದಕ್ಕೆ ಹಳೆಯ ತುಪ್ಪವನ್ನೂ ಕಲ್ಯಾಣಕ ಘೃತದಂತಹ ಔಷಧಸಿದ್ಧ ತುಪ್ಪಗಳನ್ನೂ ವಿಧಿಸುತ್ತದೆ. ಬೆಣ್ಣೆದೋಸೆಯಿಂದ ಹೆಸರಾದ ದಾವಣಗೆರೆಯಲ್ಲಿ ಹೃದ್ರೋಗದ ಭಯದಿಂದ ಬೆಣ್ಣೆ ಕಡಿಮೆ ಹಾಕಿಸಿಕೊಳ್ಳುವವರು ಇಂದು ಇದ್ದಾರೆ. ಆದರೆ ಬಾಣಂತಿಯ ತಟ್ಟೆಯ ತುಪ್ಪವನ್ನು ಕಡಿಮೆ ಮಾಡಲು ಮನೆಯ ಹಿರಿಯ ಹೆಂಗಸರು ಸುಲಭವಾಗಿ ಒಪ್ಪುವುದಿಲ್ಲ.

ಮನೋರೋಗದ ಉಪಚಾರಕ್ಕೆ ಈ ಪರಿಸರದಲ್ಲಿ ಎರಡು ದಾರಿಗಳಿವೆ. ಒಂದು, ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಉಕ್ಕಡಗಾತ್ರಿ. ಅಲ್ಲಿಯ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಗಾಳಿ ಸೋಕಿದವರನ್ನು, ದೆವ್ವ ಹಿಡಿದಿದೆ ಎನ್ನಲಾದವರನ್ನು ದೂರದ ಜಿಲ್ಲೆಗಳಿಂದಲೂ ಕರೆತರುತ್ತಾರೆ. ಅಮಾವಾಸ್ಯೆಯಂದು ಜನ ಹೆಚ್ಚು. ಇನ್ನೊಂದು, 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಿಂದ ಮೊದಲುಗೊಂಡು ಬೆಳೆದ ದಾವಣಗೆರೆಯ ಆಸ್ಪತ್ರೆಗಳ ದಾರಿ. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮನೋರೋಗಿಗಳಿಗೆ ಔಷಧ ಒದಗಿಸಿದ ಪ್ರಯೋಗ ಮುಂದೆ ದೇಶಕ್ಕೇ ಮಾದರಿಯಾಯಿತು. ಎರಡು ದಾರಿಗಳನ್ನೂ ತುಳಿಯುವ ಕುಟುಂಬಗಳು ಅನೇಕ. ಯಾವ ದಾರಿಯಲ್ಲಾದರೂ ಹಿರಿಯರು ಕೇಳುವ ಮೊದಲ ಪ್ರಶ್ನೆ ಒಂದೇ: "ಉಣ್ತಾನೇನು? ನಿದ್ದಿ ಮಾಡ್ತಾನೇನು?" ಅನ್ನ ನೀರು ಬಿಟ್ಟಿದ್ದಾನೆ ಎಂಬ ಉತ್ತರವೇ ರೋಗ ಬಲಿತಿದೆ ಎಂಬುದಕ್ಕೆ ಲಕ್ಷಣ.

ಈಗ ವೈದ್ಯಶಾಸ್ತ್ರದ ಕಡೆಯ ಕಥೆ. 1990ರಲ್ಲಿ ಮಲ್ಡೂನ್ ಮತ್ತು ಸಂಗಡಿಗರು ಕೊಲೆಸ್ಟ್ರಾಲ್ ಇಳಿಸುವ ಆರು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದರು. ಹೃದ್ರೋಗದ ಸಾವುಗಳು ಕಡಿಮೆಯಾಗಿದ್ದವು. ಆದರೆ ಅಪಘಾತ, ಆತ್ಮಹತ್ಯೆ, ಹಿಂಸೆಗಳಿಂದಾದ ಸಾವುಗಳು ಹೆಚ್ಚಾಗಿದ್ದವು. ಕೊಲೆಸ್ಟ್ರಾಲ್ ಕಡಿಮೆಯಿರುವ ಆಹಾರ ತಿಂದ ಮಂಗಗಳು ಹೆಚ್ಚು ಜಗಳಗಂಟಿಗಳಾದವೆಂದು ಅಮೆರಿಕದ ಸಂಶೋಧಕರು ವರದಿ ಮಾಡಿದರು. ರಕ್ತದ ಕೊಲೆಸ್ಟ್ರಾಲ್ ಇಳಿದರೆ ಮಿದುಳಿನ ಜೀವಕೋಶಗಳ ಪೊರೆ ಬದಲಾಗಿ ಸಿರೊಟೋನಿನ್ ಎಂಬ ರಾಸಾಯನಿಕದ ಕೆಲಸ ಕುಂದುತ್ತದೆ ಎಂಬ ಊಹೆಯನ್ನು 1992ರಲ್ಲಿ ಎಂಗೆಲ್‌ಬರ್ಗ್ ಮಂಡಿಸಿದರು. ಹಲವು ಅಧ್ಯಯನಗಳು ಡೆಸಿಲೀಟರಿಗೆ 160 ಮಿಲಿಗ್ರಾಂಗಿಂತ ಕೆಳಗಿನ ಮಟ್ಟವನ್ನು ಕಡಿಮೆಯೆಂದು ಎಣಿಸಿ, ಆತ್ಮಹತ್ಯೆಗೆ ಯತ್ನಿಸಿದವರಲ್ಲೂ ಖಿನ್ನರಲ್ಲೂ ಅದನ್ನು ಹುಡುಕಿದವು. ಒಂದು ವಿನೋದವನ್ನು ಗಮನಿಸಬೇಕು: ಕನ್ನಡದ ನುಡಿಗಟ್ಟಿನಲ್ಲಿ ಕಾಲು ಕೆರೆದು ಜಗಳಕ್ಕೆ ನಿಲ್ಲುವವನು ಕೊಬ್ಬಿದವನು, ಈ ಊಹೆಯಲ್ಲಾದರೋ ಕೊಬ್ಬು ಇಳಿದವನು.

ಊಹೆ ಬಹುಕಾಲ ನಿಲ್ಲಲಿಲ್ಲ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಪ್ರಯೋಗದಲ್ಲಿ 4,444 ಹೃದ್ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಸಿಮ್ವಸ್ಟ್ಯಾಟಿನ್ ಔಷಧ ಕೊಟ್ಟಾಗ ಆತ್ಮಹತ್ಯೆಯಾಗಲಿ ಹಿಂಸೆಯ ಸಾವಾಗಲಿ ಹೆಚ್ಚಲಿಲ್ಲ. ಮೊದಲು ಅನುಮಾನ ಎತ್ತಿದ ಮಲ್ಡೂನ್ ತಂಡವೇ 2001ರಲ್ಲಿ ಮತ್ತೆ ಲೆಕ್ಕ ಹಾಕಿ, ಸ್ಟ್ಯಾಟಿನ್ ಪ್ರಯೋಗಗಳಲ್ಲಿ ಅಂತಹ ಅಪಾಯ ಕಾಣುವುದಿಲ್ಲವೆಂದು ಹೇಳಿತು. ಕಾರಣವೂ ಅಷ್ಟೇನೂ ನಿಗೂಢವಲ್ಲ. ಮಿದುಳು ದೇಹದ ತೂಕದ ನೂರಕ್ಕೆ ಎರಡು ಭಾಗದಷ್ಟಿದ್ದರೂ ದೇಹದ ಒಟ್ಟು ಕೊಲೆಸ್ಟ್ರಾಲಿನ ಐದನೆಯ ಒಂದು ಭಾಗಕ್ಕೂ ಕಡಿಮೆಯಿಲ್ಲದಷ್ಟನ್ನು ಹೊಂದಿದೆ. ಆದರೆ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದ ಕೊಲೆಸ್ಟ್ರಾಲ್ ಮಿದುಳಿನ ಗಡಿಯನ್ನು ದಾಟುವುದಿಲ್ಲವೆಂದೇ ಹೇಳಬಹುದು.

ಹಾಗಿದ್ದರೂ ಖಿನ್ನರಾದ ಅನೇಕರಲ್ಲಿ ಈ ಅಂಕಿ ಕಡಿಮೆ ಕಂಡದ್ದು ಸುಳ್ಳಲ್ಲ. ವಿವರಣೆ ಅನ್ನ ನೀರು ಬಿಟ್ಟ ಮಾತಿನಲ್ಲಿದೆ. ಖಿನ್ನನಿಗೆ ಹಸಿವಿಲ್ಲ, ಸಂಶಯಪೀಡಿತನು ಮನೆಯವರು ಬಡಿಸಿದ್ದನ್ನು ಮುಟ್ಟುವುದಿಲ್ಲ, ಊರೂರು ಅಲೆಯುವವನಿಗೆ ಹೊತ್ತಿಗೆ ಊಟವಿಲ್ಲ. ತೂಕ ಇಳಿಯುತ್ತದೆ, ಅದರೊಡನೆ ರಕ್ತದ ಕೊಲೆಸ್ಟ್ರಾಲೂ ಇಳಿಯುತ್ತದೆ. ಕ್ಷಯ, ಯಕೃತ್ತಿನ ರೋಗ, ಥೈರಾಯ್ಡಿನ ಅತಿಸ್ರಾವ ಇವೂ ಅದನ್ನು ಇಳಿಸುತ್ತವೆ. ಕೊನೆಯದು ಮನಸ್ಸನ್ನೂ ಕದಡುತ್ತದೆ. ಹೀಗಾಗಿ ಕಡಿಮೆ ಅಂಕಿಯನ್ನು ಮನೋರೋಗದ ಕಾರಣವೆಂದು ಓದುವುದಕ್ಕಿಂತ ಬಹುತೇಕ ಸಂದರ್ಭಗಳಲ್ಲಿ ಅದರ ಫಲವೆಂದೋ ಮತ್ತೊಂದು ರೋಗದ ಸೂಚನೆಯೆಂದೋ ಓದುವುದು ಯುಕ್ತ. ಕೊರಗಿ ಸೊರಗಿದ ಎನ್ನುವ ಆಡುಮಾತು ಈ ಅನುಕ್ರಮವನ್ನು ತಪ್ಪಿಸಿಲ್ಲ: ಕೊರಗು ಮೊದಲು, ಸೊರಗು ಆಮೇಲೆ. ಇದನ್ನು ತಿರುಗಾಮುರುಗಾ ಮಾಡಿದರೆ ಅಪಾಯವಿದೆ. ಕೊಬ್ಬು ಕಡಿಮೆಯಾದ್ದರಿಂದ ತಲೆ ಕೆಟ್ಟಿತೆಂದು ನಂಬಿ ಮುದುಕರ ಹೃದ್ರೋಗದ ಮಾತ್ರೆ ನಿಲ್ಲಿಸುವವರಿಗೆ, ಮಾನಸಿಕ ಚಿಕಿತ್ಸೆ ಬಿಡಿಸಿ ತುಪ್ಪ ತಿನ್ನಿಸುವವರಿಗೆ ವಿಜ್ಞಾನದ ಬೆಂಬಲವೂ ಇಲ್ಲ, ನುಡಿಗಟ್ಟಿನ ಬೆಂಬಲವೂ ಇಲ್ಲ.

ಬಾಣಂತಿಯ ವಿಷಯದಲ್ಲಿ ಮಾತ್ರ ಎಚ್ಚರದಿಂದ ಮಾತನಾಡಬೇಕು. ಬಸಿರಿನಲ್ಲಿ ಏರಿದ ಕೊಲೆಸ್ಟ್ರಾಲ್ ಹೆರಿಗೆಯ ನಂತರ ಬೇಗ ಇಳಿಯುತ್ತದೆ. ಈ ಇಳಿತಕ್ಕೂ ಬಾಣಂತಿಯರ ಖಿನ್ನತೆಗೂ ನಂಟಿರಬಹುದೆಂದು 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಒಂದು ಚಿಕ್ಕ ಅಧ್ಯಯನ ಸೂಚಿಸಿತು. ಅನಂತರದ ಅಧ್ಯಯನಗಳಲ್ಲಿ ಒಮ್ಮತ ಮೂಡಲಿಲ್ಲ. ತುಪ್ಪ ಸನ್ನಿಯನ್ನು ತಡೆಯುತ್ತದೆ ಎಂಬುದಕ್ಕೆ ಇದು ಪುರಾವೆಯಾಗದು. ಬಾಣಂತನದ ವಿಧಿಯಲ್ಲಿ ತುಪ್ಪದಷ್ಟೇ ಮುಖ್ಯವಾದದ್ದು ನಿದ್ದೆ ಮತ್ತು ಒಬ್ಬ ಹೆಂಗಸಿನ ಸತತ ಕಾವಲು. ಸನ್ನಿ ಕಾಣಿಸಿಕೊಂಡ ದಿನವೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿಯದು. ತಡವಾದರೆ ತಾಯಿ, ಕೂಸು ಎರಡೂ ಜೀವಗಳಿಗೆ ಕುತ್ತು.

ಇಂದಿನ ನಿಜವಾದ ತೊಡಕು ಇನ್ನೊಂದು ತುದಿಯಲ್ಲಿದೆ. ಕ್ಲೋಜಪಿನ್, ಒಲಾನ್ಜಪಿನ್ ಮೊದಲಾದ ಔಷಧಗಳು ಹಸಿವನ್ನು ಹೆಚ್ಚಿಸಿ ತೂಕ, ಸಕ್ಕರೆ, ರಕ್ತದ ಕೊಬ್ಬು ಮೂರನ್ನೂ ಏರಿಸಬಲ್ಲವು. ತೀವ್ರ ಮನೋರೋಗವುಳ್ಳವರು ಇತರರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಾವುಗಳಲ್ಲಿ ಹೃದ್ರೋಗದ ಪಾಲು ದೊಡ್ಡದು. ಆದರೆ ಸೊರಗಿದ್ದ ಮಗ ಮೈ ತುಂಬಿಕೊಂಡದ್ದನ್ನು ಕಂಡ ತಾಯಿಗೆ ಅದೇ ಗುಣವಾದ ಗುರುತು. ವೈದ್ಯರು ಊಟದಲ್ಲಿ ಹಿಡಿತವಿರಲಿ ಎಂದರೆ ಆಕೆಗೆ ಒಪ್ಪಿಗೆಯಾಗುವುದು ಕಷ್ಟ; ಆಕೆಯ ಓದು ಅರ್ಧ ಸರಿಯೂ ಹೌದು. ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲಿ ಕೂಡಿ ನೀಡಿದ ಸಲಹೆಯಂತೆ, ಇಂತಹ ಔಷಧ ಆರಂಭಿಸುವಾಗಲೇ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬಿನ ಮಟ್ಟಗಳನ್ನು ಬರೆದಿಟ್ಟು, ತೂಕ, ಸಕ್ಕರೆ, ಕೊಬ್ಬಿನ ಮಟ್ಟಗಳನ್ನು ಮೂರು ತಿಂಗಳಿಗೆ ಮತ್ತೆ ನೋಡಬೇಕು. ಆ ಮೊದಲ ಅಂಕಿಯ ಪಕ್ಕದಲ್ಲಿ ರೋಗಿ ಎಷ್ಟು ದಿನದಿಂದ ಸರಿಯಾಗಿ ಉಂಡಿಲ್ಲ ಎಂಬ ಮನೆಯವರ ಮಾತನ್ನೂ ದಾಖಲಿಸದಿದ್ದರೆ, ಮೂರು ತಿಂಗಳಲ್ಲಿ ಏರಿದ್ದರಲ್ಲಿ ಮರಳಿದ ಹಸಿವಿನ ಪಾಲೆಷ್ಟು, ಔಷಧದ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ದುಸ್ಸಾಧ್ಯ.