ಹಾಲಿನ ಲೋಟದೊಳಗಿನ ದೀಪ

1955ರ ಚಳಿಗಾಲ. ಪ್ಯಾರಿಸ್ ಬಳಿಯ ಜ್ವೆನ್‌ವಿಲ್ ಸ್ಟುಡಿಯೋದಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ 'ಟು ಕ್ಯಾಚ್ ಎ ಥೀಫ್' ಚಿತ್ರಕ್ಕೆ ಧ್ವನಿ ಜೋಡಿಸುವ ಕೆಲಸದಲ್ಲಿ ಮುಳುಗಿದ್ದರು. ಅವರನ್ನು ಮಾತನಾಡಿಸಲು ಇಬ್ಬರು ಯುವಕರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದರು. ಒಬ್ಬ ಕ್ಲೋದ್ ಶಬ್ರೋಲ್, ಇನ್ನೊಬ್ಬ ಫ್ರಾನ್ಸ್ವಾ ತ್ರೂಫೋ. ಇಬ್ಬರೂ 'ಕಾಯೇ ದು ಸಿನೆಮಾ' ಎಂಬ ಪತ್ರಿಕೆಯ ವಿಮರ್ಶಕರು. ಅಂಗಳದಾಚೆಯ ಬಾರ್‌ನಲ್ಲಿ ಸ್ವಲ್ಪ ಹೊತ್ತು ಕಾಯುವಂತೆ ಹಿಚ್‌ಕಾಕ್ ಅವರಿಗೆ ಹೇಳಿದರು.

ಕತ್ತಲೆ ಕೋಣೆಯಿಂದ ಬೆಳಕಿಗೆ ಬಂದ ಯುವಕರಿಗೆ ಕಣ್ಣು ಕೋರೈಸಿತು. ಮೆಚ್ಚಿನ ನಿರ್ದೇಶಕರನ್ನು ಕಂಡ ಸಂಭ್ರಮ ಬೇರೆ. ಅಂಗಳದ ನಡುವೆ ಒಂದು ಕೊಳವಿತ್ತು. ಹೆಪ್ಪುಗಟ್ಟಿದ ಅದರ ಮೇಲ್ಮೈ ಅಂಗಳದಷ್ಟೇ ಬೂದು ಬಣ್ಣದ್ದು. ಅದರ ಮೇಲೆ ಕಾಲಿಟ್ಟದ್ದೇ ತಡ, ಮಂಜುಗಡ್ಡೆ ಒಡೆದು ಇಬ್ಬರೂ ಟೇಪ್ ರೆಕಾರ್ಡರ್ ಸಮೇತ ಎದೆಮಟ್ಟದ ನೀರಿನಲ್ಲಿದ್ದರು! ಸಂದರ್ಶನ ಅಂದು ಸಂಜೆ ಹೋಟೆಲಿಗೆ ಮುಂದೂಡಲ್ಪಟ್ಟಿತು. ಒಂದು ವರ್ಷದ ನಂತರ ಇಬ್ಬರೂ ಮತ್ತೆ ಎದುರಾದಾಗ ಹಿಚ್‌ಕಾಕ್ ತಕ್ಷಣ ಗುರುತು ಹಿಡಿದರು. ವಿಸ್ಕಿಯ ಲೋಟದಲ್ಲಿ ಮಂಜಿನ ತುಂಡುಗಳನ್ನು ಕಂಡಾಗಲೆಲ್ಲ ನಿಮ್ಮಿಬ್ಬರ ನೆನಪಾಗುತ್ತದೆ ಎಂದರು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಹಿಚ್‌ಕಾಕರ ಬಾಯಲ್ಲಿ ಅದು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮುಂದೆ ಅವರು ಹೇಳುತ್ತಿದ್ದ ಕತೆಯಲ್ಲಿ ಒಬ್ಬ ಯುವಕ ಪಾದ್ರಿಯ ವೇಷದಲ್ಲಿಯೂ ಇನ್ನೊಬ್ಬ ಪೊಲೀಸಿನವನ ವೇಷದಲ್ಲಿಯೂ ಬಂದಿದ್ದರಂತೆ! ಕತೆಗಾರನನ್ನು ಮಾತನಾಡಿಸಲು ಹೊರಟವರು ನೆನಪಿಡಬೇಕಾದ ಮೊದಲ ಪಾಠ ಇದು.

ಆ ಒದ್ದೆಯಾದ ಯುವಕ ತ್ರೂಫೋ ಏಳು ವರ್ಷಗಳ ಬಳಿಕ ಮತ್ತೆ ಹಿಚ್‌ಕಾಕರ ಎದುರು ಕುಳಿತರು. ಆ ಸಂಭಾಷಣೆ ಇಂದಿಗೂ ಸಿನಿಮಾ ಕಲಿಯುವವರ ಕೈಪಿಡಿ.

ನ್ಯೂಯಾರ್ಕಿನ ಪ್ರಶ್ನೆ

1962ರಲ್ಲಿ ತ್ರೂಫೋ ತಮ್ಮ 'ಜೂಲ್ ಎ ಜಿಮ್' ಚಿತ್ರದ ಪ್ರಚಾರಕ್ಕಾಗಿ ನ್ಯೂಯಾರ್ಕಿಗೆ ಹೋಗಿದ್ದರು. ಅಲ್ಲಿನ ಪತ್ರಕರ್ತರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಹಿಚ್‌ಕಾಕರನ್ನು ನೀವು ಫ್ರೆಂಚರು ಯಾಕೆ ಇಷ್ಟು ತಲೆಯ ಮೇಲೆ ಹೊತ್ತುಕೊಳ್ಳುತ್ತೀರಿ? ಅವರಿಗೆ ಹಣವಿದೆ, ಯಶಸ್ಸಿದೆ, ಆದರೆ ಚಿತ್ರಗಳಲ್ಲಿ ಹುರುಳಿಲ್ಲವಲ್ಲ? ತ್ರೂಫೋ ಒಬ್ಬ ವಿಮರ್ಶಕರಿಗೆ 'ರಿಯರ್ ವಿಂಡೋ' ಚಿತ್ರದ ಗುಣಗಳನ್ನು ಒಂದು ಗಂಟೆ ವಿವರಿಸಿದರು. ಗ್ರೀನಿಚ್ ವಿಲೇಜ್ ಬಡಾವಣೆಯ ಪರಿಚಯ ನಿಮಗಿಲ್ಲ, ಅದಕ್ಕೇ ಮೆಚ್ಚಿದ್ದೀರಿ ಎಂದು ಅವರು ತಳ್ಳಿಹಾಕಿದರು. ಆ ಚಿತ್ರ ಇರುವುದು ಬಡಾವಣೆಯ ಬಗ್ಗೆ ಅಲ್ಲ, ಸಿನಿಮಾದ ಬಗ್ಗೆ. ಸಿನಿಮಾ ನನಗೆ ಗೊತ್ತು ಎಂಬುದು ತ್ರೂಫೋ ಕೊಟ್ಟ ಉತ್ತರ.

ವಾದದಿಂದ ಪ್ರಯೋಜನವಿಲ್ಲ, ಪುರಾವೆಯನ್ನೇ ಒದಗಿಸಬೇಕು ಎಂದು ಅವರಿಗೆ ಅನ್ನಿಸಿತು. 1962ರ ಜೂನ್ 2ರಂದು ಹಿಚ್‌ಕಾಕರಿಗೆ ದೀರ್ಘ ಪತ್ರ ಬರೆದರು. ಸಿನಿಮಾ ಒಂದೇ ರಾತ್ರಿಯಲ್ಲಿ ಶಬ್ದವನ್ನು ಕಳೆದುಕೊಂಡು ಮತ್ತೆ ಮೂಕಿಯಾದರೆ ಬಹಳಷ್ಟು ನಿರ್ದೇಶಕರು ನಿರುದ್ಯೋಗಿಗಳಾಗುತ್ತಾರೆ, ಉಳಿದವರಲ್ಲಿ ಹಿಚ್‌ಕಾಕ್ ಇರುತ್ತಾರೆ, ಆಗ ಜಗತ್ತಿಗೆ ಅವರ ಬೆಲೆ ತಿಳಿಯುತ್ತದೆ ಎಂಬುದು ಆ ಪತ್ರದ ಒಂದು ಮಾತು. ಪತ್ರ ಓದಿ ಕಣ್ಣು ತುಂಬಿ ಬಂತು ಎಂದು ಹಿಚ್‌ಕಾಕ್ ಉತ್ತರಿಸಿದರು.

ಆಗಸ್ಟ್ ತಿಂಗಳಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಇಬ್ಬರೂ ಭೇಟಿಯಾದರು. ಆಗಸ್ಟ್ 13 ಹಿಚ್‌ಕಾಕರ ಹುಟ್ಟುಹಬ್ಬ. ಅವರಿಗೆ 63, ತ್ರೂಫೋಗೆ 30. ಹಿಚ್‌ಕಾಕ್ ಆಗ 'ದಿ ಬರ್ಡ್ಸ್' ಚಿತ್ರದ ಸಂಕಲನ ಮುಗಿಸುತ್ತಿದ್ದರು. ತ್ರೂಫೋಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನ್ಯೂಯಾರ್ಕಿನ ಫ್ರೆಂಚ್ ಚಲನಚಿತ್ರ ಕಚೇರಿಯ ಹೆಲೆನ್ ಸ್ಕಾಟ್ ನಡುವೆ ಕುಳಿತು ಎರಡೂ ಕಡೆಯ ಮಾತನ್ನು ದಾಟಿಸಿದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಊಟದ ಹೊತ್ತಿನಲ್ಲಿಯೂ ಬಿಡದೆ, ಒಂದು ವಾರ ಮಾತು ನಡೆಯಿತು. ಪಕ್ಕದ ಕೋಣೆಯಲ್ಲಿ ಧ್ವನಿಮುದ್ರಣ ಯಂತ್ರ ತಿರುಗುತ್ತಲೇ ಇತ್ತು.

ಇಬ್ಬರು ಹುಡುಗರು, ಎರಡು ಠಾಣೆಗಳು

ಮಾತು ಬಾಲ್ಯದಿಂದ ಆರಂಭವಾಯಿತು. ಹಿಚ್‌ಕಾಕ್ 1899ರಲ್ಲಿ ಲಂಡನ್ನಿನ ಪೂರ್ವಭಾಗದ ಲೇಟನ್‌ಸ್ಟೋನ್‌ನಲ್ಲಿ ಹುಟ್ಟಿದವರು. ತಂದೆಯದು ತರಕಾರಿ ಅಂಗಡಿ. ನಾಲ್ಕೈದು ವರ್ಷದವರಿದ್ದಾಗ ತಂದೆ ಒಂದು ಚೀಟಿ ಕೊಟ್ಟು ಪೊಲೀಸ್ ಠಾಣೆಗೆ ಕಳುಹಿಸಿದರಂತೆ. ಚೀಟಿ ಓದಿದ ಅಧಿಕಾರಿ ಬಾಲಕನನ್ನು ಐದು-ಹತ್ತು ನಿಮಿಷ ಕೋಣೆಯಲ್ಲಿ ಕೂಡಿಹಾಕಿ, ತುಂಟ ಹುಡುಗರಿಗೆ ಹೀಗೆಯೇ ಮಾಡುತ್ತೇವೆ ಎಂದರಂತೆ. ನಿರಪರಾಧಿಯೊಬ್ಬ ಪೊಲೀಸರಿಗೆ ಹೆದರಿ ಓಡುವ ಕತೆ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವುದನ್ನು ಕಂಡವರಿಗೆ ಈ ನೆನಪಿನ ಬೆಲೆ ಗೊತ್ತಾಗುತ್ತದೆ.

ಕೇಳುತ್ತಿದ್ದ ತ್ರೂಫೋಗೂ ಠಾಣೆ ಹೊಸದಾಗಿರಲಿಲ್ಲ. ಹೆತ್ತ ತಂದೆ ಯಾರೆಂದು ತಿಳಿಯದೆ ಬೆಳೆದವರು ಅವರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಚಿತ್ರಸಂಘ ಕಟ್ಟಲು ಹೋಗಿ ಸಾಲ ಮಾಡಿಕೊಂಡರು. ಸಾಕುತಂದೆಯೇ ಪೊಲೀಸರಿಗೆ ಒಪ್ಪಿಸಿದರು. ಬಾಲಾಪರಾಧಿಗಳ ಕೇಂದ್ರದಲ್ಲಿದ್ದ ಹುಡುಗನನ್ನು ಕೈಹಿಡಿದು ಮೇಲೆತ್ತಿದವರು ವಿಮರ್ಶಕ ಆಂದ್ರೆ ಬಜಾನ್. ಆ ಅನುಭವವೇ 1959ರ 'ದ ಫೋರ್ ಹಂಡ್ರೆಡ್ ಬ್ಲೋಸ್' ಚಿತ್ರವಾಗಿ ಕಾನ್ ಉತ್ಸವದಲ್ಲಿ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ತಂದುಕೊಟ್ಟಿತ್ತು. ಒಂದು ಭಯ, ಎರಡು ಬಗೆಯ ಕಲೆ. ಒಬ್ಬರು ಅದನ್ನು ರೋಮಾಂಚಕ ಕತೆಗಳಲ್ಲಿ ಅಡಗಿಸಿದರು. ಇನ್ನೊಬ್ಬರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಹದಿನೈದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಹಿಚ್‌ಕಾಕ್ ಕೇಬಲ್ ತಯಾರಿಸುವ ಕಂಪನಿಯೊಂದರಲ್ಲಿ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದರು. ಸಂಜೆ ಚಿತ್ರಕಲೆ ಕಲಿತರು. ಮುಂದೆ ಮೂಕಿ ಚಿತ್ರಗಳಲ್ಲಿ ಮಾತುಗಳನ್ನು ತೋರಿಸುವ ಫಲಕಗಳನ್ನು ಬರೆಯುವ ಕೆಲಸ ಸಿಕ್ಕಿತು. ಎಂಜಿನಿಯರಿಂಗಿನ ಲೆಕ್ಕ ಮತ್ತು ಕುಂಚದ ಕಣ್ಣು ಎರಡೂ ಒಬ್ಬರಲ್ಲೇ ಕೂಡಿದ್ದು ಹೀಗೆ.

ಹೇಗೆ ಮಾಡಿದಿರಿ?

ತ್ರೂಫೋ ನಿಮ್ಮ ಚಿತ್ರದ ಸಂದೇಶವೇನು ಎಂಬ ಸವಕಲು ಪ್ರಶ್ನೆಯ ಹಿಂದೆ ಹೋಗಲಿಲ್ಲ. ಪ್ರತಿ ಚಿತ್ರ ಹುಟ್ಟಿದ್ದು ಹೇಗೆ, ಚಿತ್ರಕತೆ ಕಟ್ಟಿದ್ದು ಹೇಗೆ, ಚಿತ್ರೀಕರಣದಲ್ಲಿ ಎದುರಾದ ತೊಡಕೇನು, ಫಲಿತಾಂಶ ನಿರೀಕ್ಷೆಯಂತೆ ಬಂತೇ ಎಂದು ವರ್ಷಾನುಕ್ರಮವಾಗಿ ಕೇಳುತ್ತಾ ಹೋದರು. ಪ್ರಯೋಗಶಾಲೆಯ ದಿನಚರಿಯನ್ನು ಪುಟಪುಟವಾಗಿ ತಿರುವಿದ ಹಾಗೆ.

1941ರ 'ಸಸ್ಪಿಷನ್' ಚಿತ್ರದಲ್ಲಿ ಗಂಡ ಕತ್ತಲಲ್ಲಿ ಮೆಟ್ಟಿಲೇರಿ ಹೆಂಡತಿಗೆ ಹಾಲಿನ ಲೋಟ ತರುತ್ತಾನೆ. ಅದರಲ್ಲಿ ವಿಷವಿದೆಯೇ? ಪ್ರೇಕ್ಷಕರ ಕಣ್ಣು ಲೋಟ ಬಿಟ್ಟು ಅಲುಗುವುದಿಲ್ಲ. ಅದರ ಗುಟ್ಟನ್ನು ಹಿಚ್‌ಕಾಕ್ ಬಿಟ್ಟುಕೊಟ್ಟರು. ಲೋಟದೊಳಗೆ ಒಂದು ಪುಟ್ಟ ದೀಪ ಇಟ್ಟಿದ್ದರು! ನೀರಾಗಿದ್ದರೆ ಬಲ್ಬು ಕಂಡುಬಿಡುತ್ತಿತ್ತು. ಹಾಲಿನಲ್ಲಿರುವ ಕೊಬ್ಬು ಮತ್ತು ಪ್ರೋಟೀನಿನ ಸೂಕ್ಷ್ಮ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುತ್ತವೆ. ಆದ್ದರಿಂದ ದೀಪ ಕಾಣದೆ ಲೋಟವೇ ಹೊಳೆಯಿತು.

ಕುತೂಹಲಕ್ಕೂ ಅವರಲ್ಲಿ ಒಂದು ಸೂತ್ರವಿತ್ತು. ಇಬ್ಬರು ಹರಟುತ್ತಾ ಕುಳಿತಿದ್ದಾರೆ. ಮೇಜಿನ ಕೆಳಗಿನ ಬಾಂಬು ದಿಢೀರನೆ ಸಿಡಿಯುತ್ತದೆ. ಪ್ರೇಕ್ಷಕರಿಗೆ ಹದಿನೈದು ಸೆಕೆಂಡಿನ ಬೆಚ್ಚು. ಅದೇ ಬಾಂಬನ್ನು ಮೊದಲೇ ತೋರಿಸಿ, ಅದು ಒಂದು ಗಂಟೆಗೆ ಸಿಡಿಯುತ್ತದೆ ಎಂದು ತಿಳಿಸಿ, ಗೋಡೆಯ ಗಡಿಯಾರದಲ್ಲಿ ಮುಕ್ಕಾಲು ಗಂಟೆ ತೋರಿಸಿದರೆ? ಅದೇ ಒಣ ಹರಟೆ ಹದಿನೈದು ನಿಮಿಷ ಪ್ರೇಕ್ಷಕರನ್ನು ಕುರ್ಚಿಯ ತುದಿಗೆ ತಂದು ಕೂರಿಸುತ್ತದೆ. ಅಡಗಿಸುವುದರಿಂದಲ್ಲ, ತಿಳಿಸುವುದರಿಂದ ಕುತೂಹಲ ಹುಟ್ಟುತ್ತದೆ. ಈ ಸೂತ್ರವನ್ನು ಬಳಸಿ ತಾವು ಎಡವಿದ್ದನ್ನೂ ಅವರು ಒಪ್ಪಿಕೊಂಡರು. 1936ರ 'ಸಾಬಟಾಜ್' ಚಿತ್ರದಲ್ಲಿ ಬಾಂಬಿನ ಪೊಟ್ಟಣವನ್ನು ಅರಿಯದೆ ಹೊತ್ತೊಯ್ಯುವ ಹುಡುಗ ಸಿಡಿತಕ್ಕೆ ಬಲಿಯಾಗುತ್ತಾನೆ. ಪ್ರೇಕ್ಷಕರನ್ನು ಅಷ್ಟು ಕಾಯಿಸಿ, ಅವರು ಮೆಚ್ಚಿದ ಹುಡುಗನನ್ನೇ ಕೊಂದದ್ದು ದೊಡ್ಡ ತಪ್ಪು ಎಂದರು.

1958ರ 'ವರ್ಟಿಗೊ' ಚಿತ್ರದ ತಲೆಸುತ್ತಿನ ದೃಶ್ಯ ಇನ್ನೊಂದು ಉದಾಹರಣೆ. ನಾಯಕ ಗೋಪುರದ ಮೆಟ್ಟಿಲುಗಳಿಂದ ಕೆಳಗೆ ನೋಡಿದಾಗ ಆಳವೇ ಎಳೆದು ಹಿಗ್ಗಿದಂತೆ ಕಾಣುತ್ತದೆ. ಕ್ಯಾಮೆರಾ ಒಂದು ದಿಕ್ಕಿಗೆ ಸರಿಯುತ್ತಿರುವಾಗಲೇ ಲೆನ್ಸು ದೃಶ್ಯವನ್ನು ಅದಕ್ಕೆ ಎದುರು ದಿಕ್ಕಿಗೆ ಎಳೆಯುತ್ತದೆ. ಚೌಕಟ್ಟು ಬದಲಾಗುವುದಿಲ್ಲ, ಹತ್ತಿರದ್ದಕ್ಕೂ ದೂರದ್ದಕ್ಕೂ ಇರುವ ಪ್ರಮಾಣ ಮಾತ್ರ ಬದಲಾಗುತ್ತದೆ. ಕಣ್ಣು ಕಂಗಾಲಾಗುತ್ತದೆ. ಈ ಪರಿಣಾಮ ಅವರಿಗೆ 1940ರ 'ರೆಬೆಕ್ಕಾ' ಕಾಲದಿಂದಲೂ ಬೇಕಿತ್ತು, ಕೈಗೂಡಿರಲಿಲ್ಲ. ಅಷ್ಟು ಎತ್ತರಕ್ಕೆ ಕ್ಯಾಮೆರಾ ಏರಿಸಲು 50,000 ಡಾಲರ್ ಬೇಕೆಂದರು ತಂತ್ರಜ್ಞರು. ದೃಶ್ಯದಲ್ಲಿ ಮನುಷ್ಯರೇ ಇಲ್ಲವಲ್ಲ, ಮೆಟ್ಟಿಲಿನ ಸಣ್ಣ ಮಾದರಿ ಮಾಡಿ ಅಡ್ಡಲಾಗಿ ಮಲಗಿಸಿ ಎಂದರು ಹಿಚ್‌ಕಾಕ್. ಕೆಲಸ 19,000 ಡಾಲರಿನಲ್ಲಿ ಮುಗಿಯಿತು. 'ಸೈಕೋ' ಚಿತ್ರದ ಸ್ನಾನದ ಕೋಣೆಯ ಕೊಲೆಗೆ ಮಾತ್ರ ಇಂಥ ಅಡ್ಡದಾರಿ ಇರಲಿಲ್ಲ. ತೆರೆಯ ಮೇಲಿನ 45 ಸೆಕೆಂಡಿಗೆ ಏಳು ದಿನ ದುಡಿದು, ಎಪ್ಪತ್ತು ಕಡೆ ಕ್ಯಾಮೆರಾ ಇಡಬೇಕಾಯಿತು.

ಕತೆ ಯಾವುದು, ಪುರಾವೆ ಯಾವುದು?

ಹಿಚ್‌ಕಾಕ್ ಹೇಳಿದ್ದೆಲ್ಲವನ್ನೂ ಹಾಗೆಯೇ ನಂಬಬೇಕಾಗಿಲ್ಲ. 1946ರ 'ನಟೋರಿಯಸ್' ಚಿತ್ರದಲ್ಲಿ ಖಳನಾಯಕರು ಮದ್ಯದ ಸೀಸೆಗಳಲ್ಲಿ ಯುರೇನಿಯಂ ಬಚ್ಚಿಟ್ಟಿರುತ್ತಾರೆ. ಹಿರೋಷಿಮಾ ದುರಂತಕ್ಕೆ ಒಂದು ವರ್ಷ ಮೊದಲೇ ಇದು ತಮಗೆ ಹೊಳೆಯಿತೆಂದೂ, ನೊಬೆಲ್ ವಿಜ್ಞಾನಿ ರಾಬರ್ಟ್ ಮಿಲಿಕನ್ ಅವರ ಬಳಿ ಹೋಗಿ ಅಣುಬಾಂಬಿನ ಗಾತ್ರ ಎಷ್ಟಿರುತ್ತದೆ ಎಂದು ಕೇಳಿದಾಗ ಅವರು ಬೆಚ್ಚಿಬಿದ್ದರೆಂದೂ, ಆಮೇಲೆ ಮೂರು ತಿಂಗಳು ಗುಪ್ತಚರರು ತಮ್ಮ ಬೆನ್ನು ಹತ್ತಿದ್ದರೆಂದೂ ಅವರು ಹೇಳಿಕೊಂಡರು. ಪಾದ್ರಿ ಮತ್ತು ಪೊಲೀಸಿನ ವೇಷದ ಕತೆ ನೆನಪಿದ್ದವರು ಇದಕ್ಕೆ ಸ್ವಲ್ಪ ಉಪ್ಪು ಕಳೆದೇ ರುಚಿ ನೋಡಬೇಕು. ಆದರೆ ಹಾಲಿನ ಲೋಟವನ್ನು ಪರೀಕ್ಷಿಸಬಹುದು. ಚಿತ್ರ ಹಾಕಿದರೆ ಅದು ಇಂದಿಗೂ ಹೊಳೆಯುತ್ತದೆ. ಬದುಕಿನ ಬಗ್ಗೆ ಹೇಳುವಾಗ ಕಲಾವಿದ ಮತ್ತೊಂದು ಕತೆ ಕಟ್ಟಬಲ್ಲ. ಕಸುಬಿನ ಬಗ್ಗೆ ಹೇಳುವಾಗ ಸಿಕ್ಕಿಬೀಳುತ್ತಾನೆ.

ಅಭಿಮಾನಿ ಕೇಳದೆ ಬಿಟ್ಟ ಪ್ರಶ್ನೆಗಳೂ ಇದ್ದವು. ಆ ವಾರ ಸಂಕಲನದ ಮೇಜಿನ ಮೇಲಿದ್ದ 'ದಿ ಬರ್ಡ್ಸ್' ಚಿತ್ರದ ನಾಯಕಿ ಟಿಪ್ಪಿ ಹೆಡ್ರನ್. ಒಂದು ದೃಶ್ಯಕ್ಕಾಗಿ ಐದು ದಿನ ಜೀವಂತ ಹಕ್ಕಿಗಳನ್ನು ಆಕೆಯ ಮೇಲೆ ಬಿಡಲಾಗಿತ್ತು. ಹಿಚ್‌ಕಾಕ್ ತಮಗೆ ಲೈಂಗಿಕ ಕಿರುಕುಳ ಕೊಟ್ಟರೆಂದು ಆಕೆ 2016ರ ಆತ್ಮಕಥೆಯಲ್ಲಿ ಬರೆದರು. ಉತ್ತರಿಸಲು ಹಿಚ್‌ಕಾಕ್ ಆಗ ಬದುಕಿರಲಿಲ್ಲ. 'ಹೇಗೆ ಮಾಡಿದಿರಿ' ಎಂಬ ಪ್ರಶ್ನೆಯನ್ನು ಕ್ಯಾಮೆರಾದ ಮುಂದೆ ನಿಂತವರಿಗೂ ಕೇಳಿದ್ದರೆ ಪುಸ್ತಕದ ಕೆಲವು ಪುಟಗಳು ಬೇರೆಯಾಗಿರುತ್ತಿದ್ದವೇನೋ.

ಒಂದು ವಾರದ ಮಾತನ್ನು ಪುಸ್ತಕವಾಗಿಸಲು ನಾಲ್ಕು ವರ್ಷ ಬೇಕಾಯಿತು. ಫ್ರೆಂಚ್ ಆವೃತ್ತಿ 1966ರಲ್ಲಿ, ಇಂಗ್ಲಿಷ್ ಆವೃತ್ತಿ 1967ರಲ್ಲಿ ಹೊರಬಂತು. ಹಿಚ್‌ಕಾಕರಿಗೆ ನಿರ್ದೇಶನದ ಆಸ್ಕರ್ ಕೊನೆಗೂ ದಕ್ಕಲಿಲ್ಲ; ಐದು ಬಾರಿ ಹೆಸರು ಸೂಚಿತವಾದದ್ದಷ್ಟೆ. 1980ರಲ್ಲಿ ಅವರು ತೀರಿಕೊಂಡರು. ತ್ರೂಫೋ ಹೊಸ ಅಧ್ಯಾಯ ಸೇರಿಸಿ ಪುಸ್ತಕವನ್ನು 1983ರಲ್ಲಿ ಪೂರ್ಣಗೊಳಿಸಿದರು. ಮರುವರ್ಷ, 52ರ ವಯಸ್ಸಿನಲ್ಲಿ, ಅವರೂ ಹೋದರು. 2012ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆ ನಡೆಸಿದ ವಿಮರ್ಶಕರ ಮತದಾನದಲ್ಲಿ 'ವರ್ಟಿಗೊ' ಸಾರ್ವಕಾಲಿಕ ಚಿತ್ರಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹುರುಳಿಲ್ಲ ಎಂದಿದ್ದ ನ್ಯೂಯಾರ್ಕಿನ ಪ್ರಶ್ನೆಗೆ ಉತ್ತರ ಬರಲು ಐವತ್ತು ವರ್ಷ ಹಿಡಿಯಿತು.

ಆ ಧ್ವನಿಮುದ್ರಿಕೆಗಳ ತುಣುಕುಗಳನ್ನು 2015ರಲ್ಲಿ ಕೆಂಟ್ ಜೋನ್ಸ್ ನಿರ್ದೇಶಿಸಿದ ಸಾಕ್ಷ್ಯಚಿತ್ರದಲ್ಲಿ ಕೇಳಬಹುದು. ತ್ರೂಫೋ ಅವರ ಅವಸರದ ಫ್ರೆಂಚ್, ಹಿಚ್‌ಕಾಕರ ನಿಧಾನದ ಇಂಗ್ಲಿಷ್, ನಡುವೆ ಉಸಿರು ಬಿಡದೆ ಮಾತು ದಾಟಿಸುವ ಹೆಲೆನ್ ಸ್ಕಾಟ್. ಮಂಜಿನ ಕೊಳದಲ್ಲಿ ಒಮ್ಮೆ ಮುಳುಗಿದ್ದ ಹುಡುಗ ಈ ಬಾರಿ ಟೇಪ್ ರೆಕಾರ್ಡರನ್ನು ಒಣಗಿದ ನೆಲದ ಮೇಲೆಯೇ ಇಟ್ಟಿದ್ದ.