ಮರಗಟ್ಟಿದ ಮನಸ್ಸು ಮತ್ತು ಚೀನೀ ವೈದ್ಯ

ಬಹಳ ಹೊತ್ತು ಕಾಲು ಮಡಚಿ ಕುಳಿತು ಎದ್ದಾಗ ಕಾಲು ಮರಗಟ್ಟಿತು ಎನ್ನುತ್ತೇವೆ. ಅಂಗವೊಂದು ಇದ್ದೂ ಇಲ್ಲದಂತಾಗುವ ಆ ಸ್ಥಿತಿಗೆ ನಮ್ಮವರಿಗೆ ತೋಚಿದ ಹೋಲಿಕೆ ಮರ. ಚೀನೀ ಭಾಷೆಯಲ್ಲಿ ಇದಕ್ಕಿರುವ ಮಾತು ‘ಮಾಮು’; ಅದರ ಎರಡನೆಯ ಅಕ್ಷರವಾದ ‘ಮು’ ಎಂಬುದರ ಅರ್ಥವೂ ಮರವೇ. ಈ ಮಾತನ್ನು ಅವರು ಕೈಕಾಲಿಗೂ ಬಳಸುತ್ತಾರೆ, ಮನಸ್ಸಿಗೂ ಬಳಸುತ್ತಾರೆ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆಗಳು ಒಂದೇ ಹೋಲಿಕೆಗೆ ಬಂದು ನಿಂತಿರುವುದು ನನ್ನಂಥ ಕನ್ನಡ ಮೇಷ್ಟರಿಗೆ ಕುತೂಹಲದ ಸಂಗತಿಯೇ. ಆದರೆ ನಾನು ಈ ವಿಷಯವನ್ನು ಅರಸಿ ಹೋದದ್ದು ಕುತೂಹಲದಿಂದಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣ ತೀರಿಕೊಂಡರು. ನನ್ನನ್ನು ಓದಿಸಿದವರು ಅವರು. ಚಿತೆಯ ಮುಂದೆ ನಿಂತಾಗ ನನಗೆ ಅಳು ಬರಲಿಲ್ಲ; ವೈಕುಂಠ ಸಮಾರಾಧನೆ ಕಳೆದರೂ ಬರಲಿಲ್ಲ. ದುಃಖವಿಲ್ಲದಿದ್ದರೆ ಹೋಗಲಿ, ಮೊಮ್ಮಗಳು ಬಂದು ತೊಡೆಯೇರಿದರೆ ಸಂತೋಷವೂ ಇಲ್ಲ. ತರಗತಿಯಲ್ಲಿ ವರ್ಷವರ್ಷವೂ ಕರುಣರಸವನ್ನು ವಿವರಿಸಿದವನಿಗೆ ಒದಗಿದ ಸ್ಥಿತಿ ಇದು. ವೈದ್ಯಮಿತ್ರರೊಬ್ಬರು, ಖಿನ್ನತೆ ಹೀಗೂ ಬರುತ್ತದೆ ಎಂದು ಹೇಳಿ ನನ್ನನ್ನು ಮನೋವೈದ್ಯರಲ್ಲಿಗೆ ಕಳುಹಿಸಿದರು. ಚಿಕಿತ್ಸೆ ಆರಂಭವಾಯಿತು. ಆ ದಿನಗಳಲ್ಲಿ ಕಾವ್ಯವಂತೂ ರುಚಿಸುತ್ತಿರಲಿಲ್ಲ; ಅದೇ ಮಿತ್ರರು ಕೊಟ್ಟ ಚೀನೀ ವೈದ್ಯದ ಪುಸ್ತಕಗಳನ್ನು ಓದಿದೆ.

ಸುಮಾರು 2000 ವರ್ಷಗಳ ಹಿಂದೆ ಸಂಕಲನಗೊಂಡ ‘ಹುವಾಂಗ್‌ದಿ ನೇಜಿಂಗ್’ ಆ ವೈದ್ಯದ ಮೂಲಗ್ರಂಥ. ಅದರಲ್ಲಿ ಮನಸ್ಸಿನ ರೋಗಕ್ಕೆ ಬೇರೆ ಮನೆಯಿಲ್ಲ. ಕೋಪ ಯಕೃತ್ತಿಗೆ, ಹರ್ಷ ಹೃದಯಕ್ಕೆ, ಚಿಂತೆ ಪ್ಲೀಹಕ್ಕೆ, ಶೋಕ ಶ್ವಾಸಕೋಶಕ್ಕೆ, ಭಯ ಮೂತ್ರಪಿಂಡಕ್ಕೆ ಸೇರಿದ್ದು. (ಇವು ಇಂದಿನ ಶರೀರಶಾಸ್ತ್ರದ ಅಂಗಗಳೆಂದು ತಿಳಿಯಬಾರದು, ನಮ್ಮ ವಾತಪಿತ್ತಗಳಂತೆ ಇವು ಕಾರ್ಯಗಳ ಹೆಸರುಗಳು.) ದೇಹದಲ್ಲಿ ಸಂಚರಿಸುವ ‘ಚೀ’ ಎಂಬ ಶಕ್ತಿಯನ್ನು ಕೋಪ ಮೇಲಕ್ಕೇರಿಸುತ್ತದೆ, ಶೋಕ ಕರಗಿಸುತ್ತದೆ, ಬಿಡದ ಚಿಂತೆ ಗಂಟು ಹಾಕುತ್ತದೆ. ಈ ಗಂಟು ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನನ್ನಲ್ಲಿ ಭಾವನೆಯೇ ಬತ್ತಿಹೋಗಿದೆಯೆಂದು ನಾನು ತಿಳಿದಿದ್ದೆ. ಈ ವೈದ್ಯರ ಕಣ್ಣಿನಲ್ಲಿ ಅದು ಬತ್ತಿದ್ದಲ್ಲ, ಎಲ್ಲಿಯೋ ಸಿಕ್ಕಿಕೊಂಡದ್ದು.

ಕ್ರಿ.ಶ. 200ರ ಸುಮಾರಿನ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯ ಒಂದು ವಿಚಿತ್ರ ರೋಗವನ್ನು ವರ್ಣಿಸಿದ್ದಾನೆ. ರೋಗಿಗೆ ಉಣ್ಣಬೇಕೆನಿಸುತ್ತದೆ, ಉಣ್ಣಲಾಗದು; ಮಲಗಬೇಕೆನಿಸುತ್ತದೆ, ಮಲಗಲಾಗದು; ಚಳಿಯೆನ್ನುತ್ತಾನೆ, ಚಳಿಯಿಲ್ಲ; ಬಹುಪಾಲು ಮೌನ. ಇದಕ್ಕೆ ಲಿಲ್ಲಿಯ ಗಡ್ಡೆಯೇ ಮುಖ್ಯ ಔಷಧವಾದ್ದರಿಂದ ರೋಗಕ್ಕೂ ಅದರದೇ ಹೆಸರು. ಸೋಂಗ್ ರಾಜವಂಶದ ಕಾಲದ ಸರ್ಕಾರಿ ಔಷಧಸಂಗ್ರಹದಲ್ಲಿ ‘ಶಿಯಾವ್‌ಯಾವ್’ ಎಂಬ ಚೂರ್ಣವಿದೆ. ಗಂಟು ಸಡಿಲಿಸಲು ಅದನ್ನು ಇಂದಿಗೂ ಕೊಡುತ್ತಾರೆ. ಶಿಯಾವ್‌ಯಾವ್ ಎಂದರೆ ಹಂಗಿಲ್ಲದ ಸ್ವೈರವಿಹಾರ. ದಾರ್ಶನಿಕ ಜುವಾಂಗ್‌ಜಿಯ ಗ್ರಂಥದ ಮೊದಲ ಅಧ್ಯಾಯದ ಶೀರ್ಷಿಕೆಯಲ್ಲಿಯೇ ಈ ಮಾತಿದೆ. ಚೂರ್ಣಕ್ಕೆ ದರ್ಶನಗ್ರಂಥದಿಂದ ಹೆಸರಿಟ್ಟವರು ಅರಸಿಕರಾಗಿರಲಾರರು. ಇನ್ನೊಂದು ಔಷಧ ‘ಹಹುವಾನ್’ ಮರದ ತೊಗಟೆ. ಆ ಹೆಸರಿಗೆ ಕೂಡಿ ನಲಿಯುವುದು ಎಂದರ್ಥ. ನಮ್ಮ ಬಾಗೆಮರ, ಎಂದರೆ ಕಾಳಿದಾಸನ ನಾಯಿಕೆಯರು ಕಿವಿಗೆ ಮುಡಿಯುತ್ತಿದ್ದ ಶಿರೀಷ, ಇದೇ ಕುಲದ್ದು.

ಆದರೆ ಚೂರ್ಣ ತೊಗಟೆಗಳಿಂದಲೇ ಎಲ್ಲವೂ ಆಗುತ್ತದೆಂದು ಆ ವೈದ್ಯರೂ ನಂಬಿರಲಿಲ್ಲ. ಜೂ ದಾನ್‌ಶಿ (1281–1358) ಎಂಬ ಹೆಸರಾಂತ ವೈದ್ಯನ ಬಳಿಗೆ ಬಂದ ಹೆಂಗಸೊಬ್ಬಳ ಕಥೆಯನ್ನು ದಾಯ್ ಲಿಯಾಂಗ್ ಬರೆದಿಟ್ಟಿದ್ದಾನೆ. ಅವಳು ಊಟ ಬಿಟ್ಟು, ಉತ್ತರಕ್ಕೆ ಮುಖ ಮಾಡಿ ಅರ್ಧ ವರ್ಷದಿಂದ ಮಲಗಿದ್ದಳು. ಗಂಡ ದಕ್ಷಿಣದ ಗುವಾಂಗ್ ಸೀಮೆಗೆ ಹೋಗಿ ಐದು ವರ್ಷವಾಗಿತ್ತು. ಚಿಂತೆಯ ಗಂಟು ಮಣ್ಣಿನ ತತ್ತ್ವದ್ದು, ಕೋಪ ಮರದ ತತ್ತ್ವದ್ದು. ಮರ ಮಣ್ಣನ್ನು ಭೇದಿಸಬಲ್ಲದು, ಆದ್ದರಿಂದ ಇವಳಿಗೆ ಕೋಪ ಬರಿಸಬೇಕು ಎಂದ ವೈದ್ಯ. ತಂದೆ ಒಪ್ಪಲಿಲ್ಲ. ದಾನ್‌ಶಿ ಒಳಗೆ ಹೋಗಿ ಅವಳ ಕೆನ್ನೆಗೆ ಮೂರು ಏಟು ಕೊಟ್ಟು, ಸಲ್ಲದವನನ್ನು ನೆನೆಯುತ್ತಿದ್ದೀಯೆ ಎಂದು ಗದರಿದ. ಅವಳು ಸಿಟ್ಟಿನಿಂದ ಗೋಳಾಡಿ ಅತ್ತಳು. ಸಿಟ್ಟಿಳಿದ ಮೇಲೆ ಉಂಡಳು. ಹರ್ಷ ಬಾರದಿದ್ದರೆ ಗಂಟು ಮತ್ತೆ ಬೀಳುತ್ತದೆಂದು ಗಂಡನ ಕಾಗದ ಬಂದಿದೆಯೆಂಬ ಸುಳ್ಳನ್ನೂ ಹೇಳಿಸಿದ. ಮೂರು ತಿಂಗಳಿಗೆ ಗಂಡ ನಿಜವಾಗಿಯೂ ಬಂದ.

ಹೆಣ್ಣಿಗೆ ಹೊಡೆಯುವುದನ್ನೂ ಇಲ್ಲದ ಕಳಂಕ ಹೊರಿಸುವುದನ್ನೂ ಚಿಕಿತ್ಸೆಯೆಂದು ನಾನು ಒಪ್ಪಲಾರೆ. ಆದರೂ ಈ ಕಥೆಯನ್ನು ನಾನು ಮರೆಯಲಿಲ್ಲ. ಅಣ್ಣ ಹೋಗಿ ಎಂಟು ತಿಂಗಳಾದ ಮೇಲೆ, ಸ್ವತಃ ಹಾಜರಾಗಿ ತಾವು ಜೀವಂತವಾಗಿರುವುದನ್ನು ದೃಢಪಡಿಸತಕ್ಕದ್ದು ಎಂದು ಕಚೇರಿಯೊಂದರಿಂದ ಅವರ ಹೆಸರಿಗೆ ಪತ್ರ ಬಂತು. ಮರಣಪತ್ರವನ್ನು ನಾನು ಎರಡು ಸಲ ಕೊಟ್ಟಿದ್ದೆ. ಆ ದಿನ ಕಚೇರಿಗೆ ಹೋಗಿ, ನನ್ನ ವಯಸ್ಸಿಗೆ ತಕ್ಕುದಲ್ಲದ ಧ್ವನಿಯಲ್ಲಿ ಕೂಗಾಡಿದೆ. ಹಿಂದಿರುಗುವಾಗ ಬಸ್ಸಿನಲ್ಲಿ ಅಳು ಬಂತು. ಪಕ್ಕದಲ್ಲಿದ್ದ ಹುಡುಗ ಎದ್ದು ಕಿಟಕಿಯ ಕಡೆಯ ಜಾಗ ಬಿಟ್ಟುಕೊಟ್ಟ. ಇದರಿಂದ ದಾನ್‌ಶಿಯ ಸಿದ್ಧಾಂತ ಸಾಬೀತಾಯಿತೆಂದು ನಾನು ಹೇಳುವುದಿಲ್ಲ. ಆ ವೇಳೆಗೆ ಆರು ತಿಂಗಳು ಗುಳಿಗೆಯನ್ನೂ ನುಂಗಿದ್ದೆ.

ಹತ್ತಿರದ ಕಾಲದ್ದೊಂದು ಸಂಗತಿ. 1980ರಲ್ಲಿ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಹುನಾನ್ ಪ್ರಾಂತದ ಚಾಂಗ್‌ಶಾ ನಗರದಲ್ಲಿ ನರದೌರ್ಬಲ್ಯವೆಂಬ ಹೆಸರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ 100 ಮಂದಿಯನ್ನು ಪರೀಕ್ಷಿಸಿದರು. ಪಾಶ್ಚಾತ್ಯ ಲಕ್ಷಣಗಳ ಪ್ರಕಾರ ಅವರಲ್ಲಿ 87 ಮಂದಿಗೆ ಇದ್ದದ್ದು ಖಿನ್ನತೆ. ಅವರು ಹೇಳಿಕೊಂಡದ್ದು ಮಾತ್ರ ತಲೆನೋವು, ನಿದ್ರೆಗೇಡು, ತಲೆಸುತ್ತು. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ನೊಂದವರು ಅವರಲ್ಲಿ ಅನೇಕರಿದ್ದರು. ಮನಸ್ಸು ನೊಂದಿದೆಯೆಂದು ಹೇಳಿಕೊಳ್ಳುವುದೇ ಅಪಾಯವಾಗಿದ್ದ ಕಾಲ ಕಳೆದು ಇನ್ನೂ ಬಹಳ ದಿನಗಳಾಗಿರಲಿಲ್ಲ. ತಲೆನೋವನ್ನು ಯಾರಿಗೂ ಹೇಳಬಹುದಿತ್ತು. ನಿದ್ರೆ, ಹಸಿವು, ಕನಸುಗಳನ್ನು ವಿಚಾರಿಸುತ್ತ, ಎರಡೂ ಮಣಿಕಟ್ಟುಗಳಲ್ಲಿ ಮೂರು ಬೆರಳಿಟ್ಟು ನಾಡಿ ನೋಡುವ ಹಳೆಯ ವೈದ್ಯನ ಮುಂದೆ ಇಂಥವರಿಗೆ ಮಾತು ಸುಲಭವಾಗಿರಬೇಕು.

ಗುಣದ ಮಾತಿಗೆ ಬಂದರೆ, ಸೂಜಿಚಿಕಿತ್ಸೆ, ಶಿಯಾವ್‌ಯಾವ್ ಚೂರ್ಣ ಇವುಗಳ ಮೇಲೆ ಪರೀಕ್ಷೆಗಳು ಬಹಳ ನಡೆದಿವೆ. ಹೆಚ್ಚಿನವು ಚಿಕ್ಕವು, ಕ್ರಮದಲ್ಲಿ ದೋಷವುಳ್ಳವು. ಇಂಥ ಅನೇಕ ಯೋಗಗಳಲ್ಲಿ ಬೀಳುವ ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಖಿನ್ನತೆಯ ಗುಳಿಗೆಗಳಿಂದಲೇ ಕೆಲವರ ಭಾವನೆಗಳು ಮಂಕಾಗುವುದುಂಟು. ಹಾಗಾದಾಗ ತಾವಾಗಿಯೇ ಗುಳಿಗೆ ನಿಲ್ಲಿಸಿ ತೊಗಟೆಯ ಕಷಾಯ ಕುಡಿಯತೊಡಗುವುದು ಅಪಾಯ. ಬರೆದುಕೊಟ್ಟ ವೈದ್ಯರಿಗೇ ಹೇಳಿದರೆ ಅವರು ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ.